ಪದ ಪರಿಚಯ: ಕರಾರು

ಕರಾರು (ನಾ.) – ಒಪ್ಪಂದ, ಷರತ್ತು. ಅರಬ್ಬಿಯ ‘ಕರಾರ್’ ಎಂದರೆ ನೆಲೆ, ಸ್ಥಿರತೆ, ತೀರ್ಮಾನ. ಪಾರಸಿಯ ಮೂಲಕ ಕಚೇರಿ ವ್ಯವಹಾರದ ಮಾತಾಗಿ ಕನ್ನಡಕ್ಕೆ ಬಂತು. ‘ಕರಾರುವಾಕ್ಕು’ ಎಂಬಲ್ಲಿ ಇದೇ ಮೂಲ. ಅಲ್ಲಿನ ಅರ್ಥ ‘ಖಚಿತ’.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು ನಾಗಸಂದ್ರದಲ್ಲಿ ಬಾಡಿಗೆ ಮನೆ ಹಿಡಿದರೆ ಛಾಪಾ ಕಾಗದದ ಮೇಲೆ ಬರೆಸುವುದು ಸಾಮಾನ್ಯವಾಗಿ 11 ತಿಂಗಳ ಕರಾರು. ಅವಧಿ ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ಆಟದಲ್ಲಿ ಉದ್ದದ ಕರಾರು ತಂಡಕ್ಕೆ ಹೊರೆಯಾಗಬಹುದು. ಐಸ್ ಹಾಕಿಯ ನ್ಯೂಯಾರ್ಕ್ ಐಲ್ಯಾಂಡರ್ಸ್ 2006ರಲ್ಲಿ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊ ಜೊತೆ 15 ವರ್ಷಗಳ ಕರಾರು ಮಾಡಿಕೊಂಡಿತು. ಮೇಲಿಂದ ಮೇಲೆ ಗಾಯವಾಗಿ ಅವರ ಆಟ ಕುಂದಿತು. 2013ರಲ್ಲಿ ಕೈಬಿಟ್ಟರೂ 2029ರವರೆಗೆ ವರ್ಷಕ್ಕೆ 15 ಲಕ್ಷ ಡಾಲರ್ ತೆರುವ ಹೊಣೆ ತಪ್ಪಲಿಲ್ಲ. 2013ರಲ್ಲೇ ಐಲ್ಯಾಂಡರ್ಸ್ ಆಡುವ ಲೀಗ್ ಕರಾರಿಗೆ ಗರಿಷ್ಠ 8 ವರ್ಷಗಳ ಮಿತಿ ಹಾಕಿತು. ಕ್ರಿಕೆಟ್‌ನಲ್ಲಿ ನಮ್ಮ ಬೆಂಗಳೂರಿನ ಆರ್‌ಸಿಬಿಗೆ ಅಂಥ ಉದ್ದದ ಕರಾರಿನ ಹೊರೆ ಇರಲಿಲ್ಲ. ಮೂವರನ್ನಷ್ಟೇ ಉಳಿಸಿಕೊಂಡು, 83 ಕೋಟಿ ರೂಪಾಯಿಯೊಂದಿಗೆ ಹರಾಜಿಗೆ ಹೋಗಿ ತಂಡ ಕಟ್ಟಿ, 2025ರ ಜೂನ್ 3ರಂದು ಮೊದಲ ಐಪಿಎಲ್ ಕಪ್ ಗೆದ್ದಿತು.

ಬಳಕೆ: ಕರಾರು ಪತ್ರ, ಕರಾರು ಬರೆಸು, ಕರಾರು ಮುರಿ. “ಮುಂದಿನ ಆಟ ನೋಡಿ ಕರಾರು ಮಾಡಬೇಕೇ ಹೊರತು ಹಿಂದಿನ ಹೆಸರು ನೋಡಿ ಅಲ್ಲ.”