ಕಾಲದ ಸುಕ್ಕು, ಅಕಾಲದ ಸುಕ್ಕು

ಮನುಷ್ಯನ ಆಯುಸ್ಸನ್ನು 120 ವರ್ಷವೆಂದು ಎಣಿಸಿ, ಅದನ್ನು ಹತ್ತು ಹತ್ತು ವರ್ಷಗಳ ಹನ್ನೆರಡು ಕಂತುಗಳಾಗಿ ವಿಂಗಡಿಸಿ, ಒಂದೊಂದು ಕಂತು ತೀರುವಾಗಲೂ ದೇಹದ ಒಂದೊಂದು ಗುಣ ಕೈಬಿಟ್ಟು ಹೋಗುತ್ತದೆಂದು ಹೇಳುವ ಪಟ್ಟಿಯೊಂದು ಮಧ್ಯಯುಗದ ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯಲ್ಲಿದೆ. ಅದರ ಪ್ರಕಾರ ಹತ್ತಕ್ಕೆ ಬಾಲ್ಯ ಮುಗಿಯುತ್ತದೆ, ಇಪ್ಪತ್ತಕ್ಕೆ ಬೆಳವಣಿಗೆ ನಿಲ್ಲುತ್ತದೆ, ಮೂವತ್ತಕ್ಕೆ ‘ಛವಿ’ ಅಂದರೆ ಮೈಯ ಕಾಂತಿ ಇಳಿಯುತ್ತದೆ, ನಲವತ್ತಕ್ಕೆ ಮೇಧಾಶಕ್ತಿ, ಐವತ್ತಕ್ಕೆ ‘ತ್ವಕ್’ ಅಂದರೆ ಚರ್ಮ, ಅರವತ್ತಕ್ಕೆ ದೃಷ್ಟಿ ಕುಂದುತ್ತವೆ. ಬುದ್ಧಿ ಮಾತ್ರ ತೊಂಬತ್ತರವರೆಗೆ ಜೊತೆಗಿರುತ್ತದೆಂಬುದು ಗ್ರಂಥಕಾರನ ಔದಾರ್ಯವಿರಬೇಕು. ಕಾಂತಿಯನ್ನೂ ಚರ್ಮವನ್ನೂ ಒಂದೇ ಎಂದು ಬಗೆಯದೆ, ಅವುಗಳ ಇಳಿತಕ್ಕೆ ಇಪ್ಪತ್ತು ವರ್ಷಗಳ ಅಂತರವಿಟ್ಟಿರುವುದು ಈ ಪಟ್ಟಿಯಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ. ಯಾವ ವಯಸ್ಸಿನಲ್ಲಿ ಚರ್ಮಕ್ಕೆ ಯಾವ ಆರೈಕೆ ಎಂಬ ಪ್ರಶ್ನೆ ಸೌಂದರ್ಯವರ್ಧಕಗಳ ಮಾರುಕಟ್ಟೆಯಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ದೀರ್ಘವಾದ ಹಿನ್ನೆಲೆಯಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇದಕ್ಕೂ ಹಿಂದಿನ ಸಂಹಿತೆಗಳು ವಯಸ್ಸನ್ನು ಮೂರು ಪಾಲು ಮಾಡುತ್ತವೆ, ಆದರೆ ಗಡಿಗಳ ವಿಷಯದಲ್ಲಿ ಅವುಗಳಲ್ಲಿ ಒಮ್ಮತವಿಲ್ಲ. ಚರಕ ಸಂಹಿತೆ 30ರವರೆಗೆ ಬಾಲ್ಯವೆಂದೂ 60ರವರೆಗೆ ಮಧ್ಯವಯಸ್ಸೆಂದೂ ಹೇಳಿದರೆ, ಸುಶ್ರುತ ಸಂಹಿತೆ ಬಾಲ್ಯವನ್ನು 16ಕ್ಕೇ ಮುಗಿಸಿ ಮಧ್ಯವಯಸ್ಸನ್ನು 70ರವರೆಗೂ ಎಳೆಯುತ್ತದೆ. ಗಡಿಗಳಿಗಿಂತ ಮುಖ್ಯವಾದದ್ದು ಸುಶ್ರುತ ಸಂಹಿತೆ ಮುಪ್ಪನ್ನು ಯಾವ ಸಾಲಿನಲ್ಲಿ ಕೂರಿಸುತ್ತದೆ ಎಂಬುದು. ಹಸಿವು, ಬಾಯಾರಿಕೆ, ನಿದ್ದೆ, ಸಾವುಗಳಂತೆ ಮುಪ್ಪೂ ದೇಹದ ಸ್ವಭಾವದಿಂದಲೇ ಬರುವ ಬಾಧೆಯೆಂದು ಹೇಳಿ, ಅದರಲ್ಲಿ ಎರಡು ಬಗೆಯನ್ನು ಅದು ಗುರುತಿಸುತ್ತದೆ: ಮೈಯನ್ನು ಜೋಪಾನವಾಗಿ ನೋಡಿಕೊಂಡರೂ ತನ್ನ ಹೊತ್ತಿಗೆ ಬಂದೇ ಬರುವುದು ‘ಕಾಲಜ’, ಜೋಪಾನ ತಪ್ಪಿದ್ದರಿಂದ ಹೊತ್ತಿಗೆ ಮುಂಚೆ ಬರುವುದು ‘ಅಕಾಲಜ’. ಸ್ವಭಾವದಿಂದ ಬರುವ ಮುಪ್ಪಿಗೆ ಪ್ರತೀಕಾರವಿಲ್ಲವೆಂದು ಚರಕ ಸಂಹಿತೆಯೂ ಒಪ್ಪುತ್ತದೆ. ಹಾಗಾಗಿ ವೈದ್ಯನ ಕೆಲಸವೆಲ್ಲ ಅಕಾಲದ ಮುಪ್ಪಿನ ಮೇಲೆ, ಹೆಚ್ಚೆಂದರೆ ಕಾಲದ ಮುಪ್ಪನ್ನು ಒಂದಿಷ್ಟು ದೂರ ತಳ್ಳುವುದರ ಮೇಲೆ ನಿಂತಿತ್ತು.

ಈ ವಿಂಗಡಣೆಯಿಂದಲೇ ಚಿಕಿತ್ಸೆಯ ವಯಸ್ಸೂ ನಿರ್ಧಾರವಾಗುತ್ತಿತ್ತು. ಧಾತುಗಳನ್ನು ಪೋಷಿಸಿ ಮುಪ್ಪನ್ನು ತಡೆಹಿಡಿಯುವುದೆಂದು ನಂಬಲಾದ ‘ರಸಾಯನ’ವನ್ನು ಪ್ರಾಯದ ಮೊದಲ ಭಾಗದಲ್ಲಿ ಅಥವಾ ನಡುವಯಸ್ಸಿನಲ್ಲಿ ಕೊಡಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ, ಇಳಿವಯಸ್ಸನ್ನು ಅದು ಹೆಸರಿಸುವುದೇ ಇಲ್ಲ. ಮೊದಲು ದೇಹಶುದ್ಧಿಯಾಗದೆ ರಸಾಯನ ಕೊಡುವುದು ಕೊಳೆಬಟ್ಟೆಗೆ ಬಣ್ಣ ಅದ್ದಿದಂತೆ ಎಂಬ ಅದರ ಹೋಲಿಕೆಯಲ್ಲಿ ಬಣ್ಣಗಾರರ ಕೇರಿಯ ಅನುಭವವಿದೆ. ಚರಕ ಸಂಹಿತೆ ‘ವಯಃಸ್ಥಾಪನ’ವೆಂದು, ಅಂದರೆ ಪ್ರಾಯವನ್ನು ನಿಲ್ಲಿಸುವಂಥವೆಂದು, ಎಣಿಸಿದ ಹತ್ತು ಮೂಲಿಕೆಗಳಲ್ಲಿ ಅಮೃತಬಳ್ಳಿ, ಅಳಲೆ, ನೆಲ್ಲಿ, ಪುನರ್ನವ, ಮಂಡೂಕಪರ್ಣಿಗಳು ಸೇರಿವೆ. ಕೊನೆಯದು ಮಲೆನಾಡಿನ ಮನೆಗಳಲ್ಲಿ ತಂಬುಳಿಯಾಗಿ ಊಟದೆಲೆಗೆ ಬರುವ ಒಂದೆಲಗ. ಕೊರಿಯಾದಿಂದ ಬರುವ ದುಬಾರಿ ಮುಲಾಮುಗಳಲ್ಲಿ ‘ಸಿಕಾ’ ಎಂಬ ಹೊಸ ಹೆಸರಿನಲ್ಲಿ ಇಂದು ಮಾರಾಟವಾಗುತ್ತಿರುವ ಸಾರವೂ ಇದೇ ಗಿಡದ್ದು.

ಹೊರಗಿನಿಂದ ಮಾಡುವ ಆರೈಕೆಯ ವಿವರಗಳು ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಟ್ಟವಾಗಿ ಸಿಗುತ್ತವೆ. ಮುಖಕ್ಕೆ ಹಚ್ಚುವ ಮದ್ದಿನ ಸರಿಗೆ ಆ ಗ್ರಂಥ ‘ಮುಖಾಲೇಪ’ ಎನ್ನುತ್ತದೆ. ಅದರ ದಪ್ಪ ಅಂಗುಲದ ಕಾಲು, ಮೂರನೆಯ ಒಂದು ಅಥವಾ ಅರ್ಧ ಪಾಲು ಇರಬೇಕು. ಒಣಗಿದರೆ ಚರ್ಮ ಕೆಡುವುದರಿಂದ ಲೇಪ ಹಸಿಯಿರುವಾಗಲೇ ತೆಗೆಯಬೇಕು, ಒಣಗಿಬಿಟ್ಟಿದ್ದರೆ ಒದ್ದೆ ಮಾಡಿ ತೆಗೆದು ಬಳಿಕ ಎಣ್ಣೆ ಹಚ್ಚಬೇಕು. ಲೇಪವಿರುವಾಗ ಹಗಲುನಿದ್ದೆ, ಅತಿಮಾತು, ಬೆಂಕಿ, ಬಿಸಿಲು, ಶೋಕ, ಕೋಪ ಕೂಡದು. ನೆಗಡಿಯಾದವರಿಗೆ, ಅಜೀರ್ಣವಾದವರಿಗೆ, ರಾತ್ರಿ ನಿದ್ದೆಗೆಟ್ಟವರಿಗೆ ಲೇಪ ಹಾಕುವಂತಿಲ್ಲ. ಆರು ಋತುಗಳಿಗೆ ಆರು ಬೇರೆ ಬೇರೆ ಲೇಪಗಳನ್ನು ಹೇಳಿ, ಸರಿಯಾಗಿ ಬಳಸಿದ ಲೇಪ ಅಕಾಲದ ನರೆ, ಮುಖದ ಸುಕ್ಕು, ಕನ್ನಡದಲ್ಲಿ ಬಂಗು ಎನ್ನುವ ಕಪ್ಪು ಕಲೆಗಳನ್ನು ನೀಗುತ್ತದೆಂದು ಗ್ರಂಥಕಾರ ಭರವಸೆ ಕೊಡುತ್ತಾನೆ. ‘ಅಕಾಲ’ ಎಂಬ ಆ ಒಂದು ಪದ ಭರವಸೆಗೆ ಹಾಕಿದ ಬೇಲಿ. ಎಂಬತ್ತರ ಮುದುಕನ ಹಣೆಯ ಗೆರೆಗಳಿಗೆ ವಾಗ್ಭಟ ಹೊಣೆಗಾರನಲ್ಲ.

ಕನ್ನಡ ನಾಡಿನಲ್ಲಿ ಈ ತಿಳಿವಳಿಕೆ ಅರಮನೆಯ ಭೋಗವಾಗಿಯೂ ಮನೆಮನೆಯ ಶಾಸ್ತ್ರವಾಗಿಯೂ ಎರಡು ದಾರಿಯಲ್ಲಿ ಹರಿಯಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ವು ಪಂಚಾಂಗ, ವಾಸ್ತು, ಅಡುಗೆ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಸ್ಥಳ ಕೊಟ್ಟಿದೆ. ನೂರು ವರ್ಷಗಳ ಬಳಿಕ ಅದೇ ವಂಶದ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನ, ಪಾದಾಭ್ಯಂಗಗಳು ಒಂದೊಂದೂ ಪ್ರತ್ಯೇಕ ಅಧ್ಯಾಯದ ವಸ್ತು, ಅಭ್ಯಂಗವೆಂದರೆ ಎಣ್ಣೆ ತಿಕ್ಕುವುದು, ವಿಲೇಪನವೆಂದರೆ ಗಂಧಾದಿಗಳನ್ನು ಪೂಸುವುದು. ಇವು ರಾಜನೊಬ್ಬನ ಭೋಗಗಳಾದ್ದರಿಂದ ಅಲ್ಲಿ ವಯಸ್ಸಿನ ಲೆಕ್ಕಕ್ಕಿಂತ ವೈಭವದ ಲೆಕ್ಕ ಹೆಚ್ಚು. ಅದೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿದ್ದ ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಕೆನ್ನೆಯ ನರೆಯನ್ನೂ ಗಲ್ಲದ ಸುಕ್ಕನ್ನೂ ಬೇರೆಯೇ ಕಣ್ಣಿನಿಂದ ಕಂಡರು: ಅವು ಅಳಿಸಬೇಕಾದ ಕಲೆಗಳಲ್ಲ, ಅವು ಬರುವ ಮುಂಚೆಯೇ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ ಎಂಬ ಎಚ್ಚರಿಕೆಗಳು. ಹಳಗನ್ನಡದಲ್ಲಿ ಸುಕ್ಕಿಗೂ ಸಮುದ್ರದ ಅಲೆಗೂ ‘ತೆರೆ’ ಎಂಬ ಒಂದೇ ಪದವಿರುವುದನ್ನು ಇಲ್ಲಿ ನೆನೆಯಬಹುದು.

ಮನೆಮನೆಯ ಶಾಸ್ತ್ರ ಮಾತ್ರ ವಯಸ್ಸನ್ನೇ ಹಿಡಿದು ನಡೆಯಿತು. ಹುಟ್ಟಿದ ಕೂಸಿಗೆ ಎಣ್ಣೆ ತಿಕ್ಕಿ, ನೀವಿ, ಜಿಡ್ಡು ತೆಗೆಯಲು ಕಡಲೆಹಿಟ್ಟನ್ನೋ ಹೆಸರುಹಿಟ್ಟನ್ನೋ ಸವರಿ ಬಿಸಿನೀರು ಹಾಕುವುದಕ್ಕೆ ‘ಎರೆಯುವುದು’ ಎಂಬ ಹೆಸರಿತ್ತು, ಅದರಲ್ಲಿ ಪಳಗಿದ ಮುದುಕಿಯರು ಊರಿಗೊಬ್ಬರಾದರೂ ಇದ್ದರು. ಹುಡುಗಿ ಮೈನೆರೆದಾಗ ಎಣ್ಣೆ, ಅರಿಶಿನಗಳ ನೀರು ಮತ್ತು ಎಳ್ಳುಬೆಲ್ಲದ ಚಿಗಳಿ. ಮದುವೆಗೆ ಮುಂಚೆ ಅರಿಶಿನದೆಣ್ಣೆಯ ಶಾಸ್ತ್ರ. ಹೆರಿಗೆಯ ಬಳಿಕ ಹಂಡೆ ಹಂಡೆ ಬಿಸಿನೀರಿನ ಬಾಣಂತನ. ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ ಅಥವಾ ಎಳ್ಳೆಣ್ಣೆ ಎಂಬಷ್ಟು ವ್ಯತ್ಯಾಸ ಬಿಟ್ಟರೆ ಕ್ರಮ ಹೆಚ್ಚುಕಡಿಮೆ ಒಂದೇ. ಅಡುಗೆಯ ಅರಿಶಿನಕ್ಕೂ ಮೈಗೆ ಹಚ್ಚುವ, ಪರಿಮಳವಿರುವ ಕಸ್ತೂರಿ ಅರಿಶಿನಕ್ಕೂ ಇರುವ ಭೇದ ಹೆಂಗಸರಿಗೆಲ್ಲ ಗೊತ್ತಿತ್ತು. ಈ ಆರೈಕೆಯ ಹಂತಗಳಲ್ಲೆಲ್ಲ ಎದ್ದು ಕಾಣುವುದು ಮತ್ತೊಬ್ಬರ ಕೈ: ಅಜ್ಜಿಯದು, ತಾಯಿಯದು, ಮುತ್ತೈದೆಯರದು. ಎಣ್ಣೆ ಹಚ್ಚಿಕೊಳ್ಳುವುದಕ್ಕಿಂತ ಹಚ್ಚಿಸಿಕೊಳ್ಳುವುದೇ ರೂಢಿಯಾಗಿತ್ತು. ಯಾರಿಗೆ ಯಾವಾಗ ಏನು ಎಂಬ ಆಯ್ಕೆಯೂ ಆ ಕೈಗಳದೇ.

ಆ ಕೈಗಳು ಹಿಂದೆ ಸರಿಯುವ ಘಟ್ಟವೂ ಒಂದಿತ್ತು ಎಂಬುದನ್ನು ಈ ರೂಢಿಗಳನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಗಂಡ ಸತ್ತ ಹೆಣ್ಣಿಗೆ, ಅನೇಕ ಸಮುದಾಯಗಳಲ್ಲಿ, ಕುಂಕುಮದೊಡನೆ ಕೆನ್ನೆ ಕಾಲುಗಳ ಅರಿಶಿನವೂ ನಿಷಿದ್ಧವಾಯಿತು. ಬಾಲವಿಧವೆಯರಿದ್ದ ಕಾಲದಲ್ಲಿ ಆ ‘ಘಟ್ಟ’ ಹದಿನೈದಕ್ಕೂ ಬರಬಹುದಿತ್ತು. ಶಾರ್ಙ್ಗಧರನ ಪಟ್ಟಿ ಛವಿಗೆ ಮೂವತ್ತು ವರ್ಷ ಕೊಟ್ಟಿದ್ದರೆ, ಸಮಾಜದ ಪಟ್ಟಿ ಅದನ್ನು ಒಂದೇ ದಿನದಲ್ಲಿ ಕಿತ್ತುಕೊಳ್ಳುತ್ತಿತ್ತು. ಚರ್ಮದ ಆರೈಕೆಯ ವಯೋಮಿತಿ ಎಂದೂ ಬರೀ ವೈದ್ಯರ ಕೈಯಲ್ಲಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೈಗಳ ಜಾಗಕ್ಕೆ ಪೊಟ್ಟಣ ಬಂದಿತು. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕಟ್ಟಿಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನವು, ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆಯನ್ನೂ ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆಯನ್ನೂ ತೆರೆಯಿತು. ಮೈಸೂರು ಸ್ಯಾಂಡಲ್ ಸೋಪು ಎಲ್ಲ ವಯಸ್ಸಿನವರಿಗೂ ಒಂದೇ ಬಿಲ್ಲೆ. ಕೂಸಿಗೆ ಹೆಸರುಹಿಟ್ಟು, ಹೆಂಗಸರಿಗೆ ಸೀಗೆಪುಡಿ ಎಂಬ ಭೇದವನ್ನು ಸಾಬೂನು ಸದ್ದಿಲ್ಲದೆ ಅಳಿಸಿತು. ಎಣ್ಣೆಸ್ನಾನ ವಾರಕ್ಕೊಮ್ಮೆಗೆ, ಆಮೇಲೆ ನರಕ ಚತುರ್ದಶಿಗೆ ಸರಿದುಕೊಂಡಿತು.

ಸಾಬೂನು ಜಿಡ್ಡು ತೆಗೆದ ಮುಖಕ್ಕೆ ಹಚ್ಚಲು ಬಂದದ್ದು ‘ಸ್ನೋ’. ಸ್ಟಿಯರಿಕ್ ಆಮ್ಲವೆಂಬ ಮೇಣದಂಥ ಕೊಬ್ಬಿನ ಸ್ವಲ್ಪ ಭಾಗವನ್ನು ಕ್ಷಾರದಿಂದ ಸಾಬೂನಾಗಿಸಿ, ಉಳಿದದ್ದನ್ನು ಬಹುಪಾಲು ನೀರಿನಲ್ಲಿ ಕಡೆದು ಮಾಡುತ್ತಿದ್ದ ಈ ಬಿಳಿ ಮುಲಾಮು ತಿಕ್ಕಿದೊಡನೆ ಕಾಣದಾಗುತ್ತಿತ್ತು. ಎಣ್ಣೆಯ ಹೊಳಪಿಲ್ಲದೆ ಪೌಡರು ಹಿಡಿಯಲು ನೆಲೆಯಾಗುವುದೇ ಅದರ ಗುಣ. ಇ. ಎಸ್. ಪಾಟನ್‌ವಾಲಾ 1919ರಲ್ಲಿ ಮುಂಬಯಿಯಲ್ಲಿ ಹೊರತಂದ ‘ಅಫ್ಘಾನ್ ಸ್ನೋ’ ಮುಂದಿನ ದಶಕಗಳಲ್ಲಿ ಮನೆಮಾತಾಯಿತು, ‘ಸ್ನೋ ಪೌಡರು’ ಎಂಬ ಜೋಡಿಪದ ಹಿರಿಯರ ಬೈಗುಳದಲ್ಲೂ ಸೇರಿಕೊಂಡಿತು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಮೊದಲ ಭಾರತೀಯ ತಾರೆಯಾಗಿ ಕಾಣಿಸಿಕೊಂಡವರು ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್. 1952ರಲ್ಲಿ ಟಾಟಾ ಸಮೂಹದಿಂದ ಲ್ಯಾಕ್ಮೆ, 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂದವು. ಈ ಎರಡನೆಯದರ ಹೆಸರಿನಿಂದ ‘ಫೇರ್’ ಬಿದ್ದುಹೋಗಲು 2020ರವರೆಗೆ ಕಾಯಬೇಕಾಯಿತು. ಈ ಸರಕುಗಳೆಲ್ಲ ಮಾತನಾಡಿದ್ದು ಪ್ರಾಯದ ಹೆಣ್ಣಿನೊಡನೆ, ಮದುವೆಗೂ ನೌಕರಿಗೂ ಮುಂಚಿನ ನಾಲ್ಕೈದು ವರ್ಷಗಳೊಡನೆ. ಸುಕ್ಕಿನ ಮಾತು ಭಾರತದ ಜಾಹೀರಾತುಗಳಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಉದಾರೀಕರಣದ ನಂತರ.

ಸುಕ್ಕಿಗೆ ಹೊಸ ಮದ್ದು ಸಿಕ್ಕಿದ ಕಥೆ ನಡೆದದ್ದು ಅಮೆರಿಕದಲ್ಲಿ. ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಎ ಜೀವಸತ್ವದ ಆಮ್ಲರೂಪವಾದ ಟ್ರೆಟಿನಾಯಿನ್ ಅನ್ನು ಮೊಡವೆಗೆ ಬಳಸಿ ಯಶಸ್ಸು ಕಂಡರು, 1971ರಲ್ಲಿ ಅದಕ್ಕೆ ಸರ್ಕಾರದ ಅನುಮತಿ ಸಿಕ್ಕಿತು. ಅವರ ಸಂಶೋಧನೆಗಳ ಹಿಂದೆ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೈಮೇಲೆ 1951ರಿಂದ 1974ರವರೆಗೆ ನಡೆದ ಪ್ರಯೋಗಗಳ ಕಪ್ಪು ನೆರಳಿದೆ. ಮೊಡವೆಯ ಮದ್ದು ಹಚ್ಚಿಕೊಂಡ ವಯಸ್ಸಾದ ಹೆಂಗಸರು ತಮ್ಮ ಸಣ್ಣ ಗೆರೆಗಳು ಮಸುಕಾದುವೆಂದು ಹೇಳಿದ್ದನ್ನು ಹಿಂಬಾಲಿಸಿ ಅವರ ತಂಡ 1986ರಲ್ಲಿ ಪ್ರಕಟಿಸಿದ ಅಧ್ಯಯನ, ವಯಸ್ಸಿನಿಂದ ಬರುವ ಮುಪ್ಪು ಬೇರೆ, ಬಿಸಿಲಿನಿಂದ ಚರ್ಮಕ್ಕೆ ಬರುವ ಮುಪ್ಪು ಬೇರೆ ಎಂಬ ಭೇದಕ್ಕೆ ನೆಲೆ ಕೊಟ್ಟಿತು. ಮದ್ದು ನಾಟುವುದು ಎರಡನೆಯದಕ್ಕೆ. ಹಳೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಕಾಲಜ ಮತ್ತು ಅಕಾಲಜಗಳ ವಿಂಗಡಣೆಯೇ, ಆದರೆ ಇಲ್ಲಿ ಆಧಾರ ಸೂಕ್ಷ್ಮದರ್ಶಕದಡಿಯ ಚರ್ಮದ ತುಣುಕು. ಇಂದಿನ ವೈದ್ಯರು ವಯಸ್ಸಿಗೆ ತಕ್ಕ ಆಯ್ಕೆಯನ್ನು ಹೇಳುವುದೂ ಇದರ ಮೇಲೆಯೇ: ಎಳೆಯ ಪ್ರಾಯದಲ್ಲಿ ಬಿಸಿಲಿನಿಂದ ರಕ್ಷಣೆ ಸಾಕು, ಈ ಆಮ್ಲದ ವರ್ಗದ ಮದ್ದುಗಳು ಗರ್ಭಿಣಿಯರಿಗೆ ಸಲ್ಲವು, ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ನಾರಿನ ಸುಮಾರು ಮೂರನೆಯ ಒಂದು ಪಾಲು ಕುಗ್ಗುವುದರಿಂದ ಆಗ ಆರೈಕೆಯ ಸ್ವರೂಪವೇ ಬದಲಾಗಬೇಕಾಗುತ್ತದೆ. ಶಾರ್ಙ್ಗಧರನ ಪಟ್ಟಿ ಚರ್ಮವನ್ನು ಐವತ್ತರ ಎದುರು ಬರೆದಿರುವುದು ಇದಕ್ಕೆ ಹೊಂದುವುದು ಕಾಕತಾಳೀಯವಿರಬಹುದು, ಐವತ್ತರ ಹೆಂಗಸರನ್ನು ಗಮನಿಸಿ ನೋಡಿದ್ದರ ಫಲವೂ ಇರಬಹುದು.

ಇನ್ನೊಂದು ಚಿಕಿತ್ಸೆಯ ಮೂಲ ವಿಷ. ಕೆಟ್ಟ ಮಾಂಸದಿಂದ ಜನ ಸಾಯುವುದನ್ನು ಜರ್ಮನಿಯ ವೈದ್ಯ ಹಾಗೂ ಕವಿ ಯುಸ್ಟಿನಸ್ ಕೆರ್ನರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ವಿವರಿಸಿದ್ದರು, 1895ರಲ್ಲಿ ಬೆಲ್ಜಿಯಂನಲ್ಲಿ ಆ ವಿಷದ ಬ್ಯಾಕ್ಟೀರಿಯಾ ಪತ್ತೆಯಾಯಿತು. ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುವ ಬೊಟುಲಿನಮ್ ವಿಷದ ಅತ್ಯಲ್ಪ ಅಂಶವನ್ನು ಅಮೆರಿಕದ ನೇತ್ರವೈದ್ಯ ಆಲನ್ ಸ್ಕಾಟ್ ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸಿದರು. ಕಣ್ಣೆವೆಯ ಸೆಳೆತಕ್ಕೆ ಅದನ್ನು ಚುಚ್ಚಿಸಿಕೊಂಡವರ ಹುಬ್ಬಿನ ನಡುವಿನ ಗಂಟು ಸಡಿಲವಾದದ್ದನ್ನು ಕಂಡ ಕೆನಡಾದ ವ್ಯಾಂಕೂವರಿನ ಕ್ಯಾರುದರ್ಸ್ ವೈದ್ಯ ದಂಪತಿ 1992ರಲ್ಲಿ ಅದನ್ನು ಸುಕ್ಕಿನ ಚಿಕಿತ್ಸೆಯಾಗಿ ವರದಿ ಮಾಡಿದರು. ಮೂರು ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿಯುವುದರಿಂದ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.

2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹುಬ್ಬಿನ ನಡುವಿನ ಗೆರೆಗಳಿಗೆ ಇದನ್ನು ಒಪ್ಪಿದಾಗ, 65 ವರ್ಷ ಮೀರದ ವಯಸ್ಕರಿಗೆ ಎಂಬ ಮಿತಿಯನ್ನು ಇಟ್ಟಿತ್ತು. ರಸಾಯನವನ್ನು ಮೊದಲ ಮತ್ತು ನಡುವಣ ಪ್ರಾಯಕ್ಕೆ ಸೀಮಿತಗೊಳಿಸಿದ ಸುಶ್ರುತ ಸಂಹಿತೆಯ ಮಧ್ಯವಯಸ್ಸಿನ ಗಡಿಗೂ ಈ ಅಂಕಿಗೂ ಐದೇ ವರ್ಷಗಳ ಅಂತರ. ಆದರೆ ಮೇಲಿನ ಮಿತಿಯನ್ನು ಕುರಿತು ಯೋಚಿಸಿದಷ್ಟು ಕೆಳಗಿನ ಮಿತಿಯನ್ನು ಕುರಿತು ಯಾರೂ ಯೋಚಿಸಿದಂತಿಲ್ಲ. ಈಗ ಇಪ್ಪತ್ತರ ಹರೆಯದವರು ಸುಕ್ಕು ಮೂಡುವ ಮುಂಚೆಯೇ, ಅದು ಮೂಡದಿರಲೆಂದು, ಅದೇ ಸೂಜಿಗೆ ಹಣೆಯೊಡ್ಡುತ್ತಿದ್ದಾರೆ. ಕಾಲದ ಸುಕ್ಕು, ಅಕಾಲದ ಸುಕ್ಕು ಎಂದು ಎರಡೇ ಕೋಷ್ಟಕಗಳನ್ನು ಬರೆದಿಟ್ಟಿದ್ದ ಹಳೆಯ ವೈದ್ಯರಿಗೆ ಇನ್ನೂ ಹುಟ್ಟದ ಸುಕ್ಕಿಗೆಂದು ಮೂರನೆಯದೊಂದನ್ನು ಗೀಚುವ ಅಗತ್ಯ ಬಿದ್ದಿರಲಿಲ್ಲ.