ಫೋಟೋ ಇಲ್ಲದ ನಾಯಕಿ

ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಬಾಡಿಗೆಗಿರುವ ನಮ್ಮವರಿಗೆ ಚಂಗಂಪುಳ ಎಂದರೆ ಒಂದು ಮೆಟ್ರೋ ನಿಲ್ದಾಣ. ಆ ಹೆಸರಿನ ಕವಿ ಚಂಗಂಪುಳ ಕೃಷ್ಣಪಿಳ್ಳೆ ಹುಟ್ಟಿದ್ದು ಇದೇ ಊರಿನಲ್ಲಿ. ಗೆಳೆಯ ಎಡಪ್ಪಳ್ಳಿ ರಾಘವನ್ ಪಿಳ್ಳೆಯವರ ಸಾವಿನ ದುಃಖದಲ್ಲಿ 1936ರಲ್ಲಿ ಅವರು ಬರೆದ ‘ರಮಣನ್’ ಕಾವ್ಯ 1967ರಲ್ಲಿ ಸಿನಿಮಾ ಆಯಿತು. ನಾಯಕ ಪ್ರೇಮ್ ನಸೀರ್.

ಹಳೆಯ ಸಿನಿಮಾ ಫೋಟೋ ನೋಡಿ ಮುಖ ಬಿಡಿಸುವ ಹವ್ಯಾಸವಿದ್ದರೆ ನಸೀರರಿಂದ ಶುರುಮಾಡಬೇಡಿ. ಎಲ್ಲವೂ ಅಳತೆಗೆ ಸರಿಯಾಗಿರುವ ಮುಖ ಕ್ಯಾರಿಕೇಚರಿಗೆ ಸುಲಭವಾಗಿ ಸಿಗದು. ತೆಳು ಮೀಸೆ, ತಿದ್ದಿ ಬಾಚಿದ ಕೂದಲು ಬಿಟ್ಟರೆ ಹಿಡಿಯಲು ಹೆಚ್ಚೇನಿಲ್ಲ. 1965ರ ‘ಚೆಮ್ಮೀನ್’ನಲ್ಲಿ ಪಳನಿಯಾದ ಸತ್ಯನ್ ಹಾಗಲ್ಲ. ಸಿನಿಮಾಕ್ಕೆ ಬರುವ ಮೊದಲು ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದವರ ಗಡುಸು ಮುಖ ಅದು. ಕಣ್ಣು ಕಿರಿದು ಮಾಡಿ ನೆರಳಿನ ಆಕಾರಗಳನ್ನಷ್ಟೇ ಹಾಳೆಗಿಳಿಸಿದರೂ ಗುರುತು ಹತ್ತುತ್ತದೆ. ಮೂಗು ದೊಡ್ಡದು ಮಾಡುವುದಷ್ಟೇ ಕ್ಯಾರಿಕೇಚರ್ ಅಲ್ಲ. ಒಬ್ಬರ ಮುಖ ಉಳಿದವರದಕ್ಕಿಂತ ಎಲ್ಲಿ ಬೇರೆಯೋ ಅದನ್ನು ಕಂಡುಹಿಡಿದು ಹಿಗ್ಗಿಸುವುದು.

ಆದರೆ ಹಿಗ್ಗಿಸಲು ಮೊದಲು ಮುಖವೊಂದು ಉಳಿದಿರಬೇಕಲ್ಲ?

ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ಮೂಕಿ. ಜೆ.ಸಿ. ಡೇನಿಯಲ್ ಅದನ್ನು ತಿರುವನಂತಪುರದಲ್ಲಿ ತಯಾರಿಸಿ, ಅಲ್ಲಿನ ಕ್ಯಾಪಿಟಲ್ ಥಿಯೇಟರಿನಲ್ಲಿ ತೋರಿಸಿದರು. ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ಪಾತ್ರ ನಾಯರ್ ಯುವತಿಯದು. ಮೇಲ್ಜಾತಿಯವರು ಅದನ್ನು ಸಹಿಸಲಿಲ್ಲ. ದಾಳಿಗೆ ಹೆದರಿ ರೋಸಿ ಊರು ಬಿಟ್ಟು ತಮಿಳುನಾಡು ಸೇರಿದರು, ಬೇರೆ ಹೆಸರಿನಲ್ಲಿ ಬದುಕಿದರು. ಚಿತ್ರದ ಪ್ರತಿಯೂ ಉಳಿದಿಲ್ಲ. ರೋಸಿಯದೆಂದು ಓಡಾಡುವ ಫೋಟೋ ಆಕೆಯದೇ ಎಂಬುದರಲ್ಲಿ ಒಮ್ಮತವಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೂಡ ಕಳೆದುಹೋಗಿದೆ. ಆದರೂ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಆಮೇಲೂ ನಟಿಸಿದರು, ಅವರ ಫೋಟೋಗಳು ಉಳಿದವು. ಅವರ ಮುಖ ಬಿಡಿಸಲು ನಮಗೆ ಆಧಾರವಿದೆ. ರೋಸಿಗೆ ಆ ‘ಆಮೇಲೆ’ಯೇ ಸಿಗಲಿಲ್ಲ. ರೀಲು ಹಾಳಾಗುವುದು ಬೇರೆ, ಮನುಷ್ಯರನ್ನು ಓಡಿಸುವುದು ಬೇರೆ.

2013ರ ‘ಸೆಲ್ಯುಲಾಯ್ಡ್’ ಚಿತ್ರದಲ್ಲಿ ಬೇರೊಬ್ಬ ನಟಿ ರೋಸಿಯಾದರು. 2023ರ ಫೆಬ್ರವರಿ 10ರಂದು ಗೂಗಲ್ ತನ್ನ ಮುಖಪುಟದಲ್ಲಿ ಆಕೆಯ ಚಿತ್ರ ಹಾಕಿತು. ಹೀಗೆ ಇಂದು ನಮಗೆ ಗೊತ್ತಿರುವ ರೋಸಿ ಬಹುಮಟ್ಟಿಗೆ ಇತರರು ಕಟ್ಟಿಕೊಟ್ಟ ಮುಖ. ನೀವೂ ಬಿಡಿಸಿ, ತಪ್ಪಿಲ್ಲ. ಆದರೆ ಕೆಳಗೆ ‘ಊಹೆಯ ಚಿತ್ರ’ ಎಂದು ಬರೆಯಿರಿ. ನೋಡಿದವರು ಯಾಕೆ ಎಂದು ಕೇಳಲಿ. ಆಗ ಕ್ಯಾಪಿಟಲ್ ಥಿಯೇಟರಿನ ಕತೆ ಹೇಳಬಹುದು.