ಹಬ್ಬ, ಜಾತ್ರೆ, ಉರುಸು, ಮೊಹರಂ: ಎಲ್ಲಕ್ಕೂ ಒಂದೇ ಶುಭಾಶಯ ಕಳಿಸಬಹುದೇ?

ಬೆಳಗ್ಗೆ ಗ್ರೂಪಿಗೆ ಬರುವ ಚಿತ್ರಗಳಲ್ಲಿ ಫೋಟೊ ಬದಲಾಗುತ್ತದೆ, ಕೆಳಗಿನ ಸಾಲು ಬದಲಾಗುವುದಿಲ್ಲ: 'ಹಬ್ಬದ ಹಾರ್ದಿಕ ಶುಭಾಶಯಗಳು'. ಬನಶಂಕರಿ ಜಾತ್ರೆಗೂ ಅದೇ, ದರ್ಗಾದ ಉರುಸಿಗೂ ಅದೇ, ಮೊಹರಂಗೂ ಅದೇ. ಆದರೆ ಇವೆಲ್ಲ ಒಂದೇ ಅಲ್ಲ. ಬಾದಾಮಿ ಸೀಮೆಯ ಉದಾಹರಣೆಗಳನ್ನೇ ಇಟ್ಟುಕೊಂಡು ನೋಡೋಣ.

ಹಬ್ಬಕ್ಕೂ ಜಾತ್ರೆಗೂ ಏನು ವ್ಯತ್ಯಾಸ?

'ಹಬ್ಬ' ಬಂದಿದ್ದು ಸಂಸ್ಕೃತದ 'ಪರ್ವ'ದಿಂದ. ಪರ್ವ ಎಂದರೆ ಗಂಟು, ಸಂಧಿ. ಹುಣ್ಣಿಮೆ, ಅಮಾವಾಸ್ಯೆಯಂತೆ ಕಾಲ ಕೂಡುವ ದಿನ. ಹಾಗಾಗಿ ಹಬ್ಬ ದಿನಕ್ಕೆ ಅಂಟಿದ್ದು. ಬಾದಾಮಿಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಯುಗಾದಿ ಮನೆಯಲ್ಲೇ ಆಗುತ್ತದೆ. 'ಜಾತ್ರೆ' 'ಯಾತ್ರೆ'ಯ ತದ್ಭವ. ಅದು ಜಾಗಕ್ಕೆ ಅಂಟಿದ್ದು, ಅಲ್ಲಿಗೆ ಹೋಗಲೇಬೇಕು. ಸ್ಪ್ಯಾನಿಷ್ ಭಾಷೆಯಲ್ಲೂ ಹಬ್ಬ 'ಫಿಯೆಸ್ತಾ', ಗುಡಿಗೆ ಗುಂಪಾಗಿ ಹೋಗುವುದು 'ರೊಮೆರಿಯಾ'. ಈ ಎರಡನೆಯದರ ಮೂಲ ರೋಮ್‌ಗೆ ಹೊರಟ ಯಾತ್ರಿಕರು.

ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿಯಲ್ಲಿ ಎರಡೂ ಬೆರೆತಿವೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಅದಕ್ಕೆ ಮುನ್ನ ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ಅದರ ಹೆಸರೇ 'ಪಲ್ಲೇದ ಹಬ್ಬ'. ತೇರು ಒಂದು ಸಂಜೆಯದು, ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳ ಟೆಂಟು ಅಲ್ಲೇ ಇರುತ್ತವೆ. ಹಾಗಾಗಿ ತೇರು ಎಳೆದ ಮರುದಿನ 'ಜಾತ್ರೆ ಮುಗೀತು' ಅಂತ ಫಾರ್ವರ್ಡ್ ಬಂದರೆ ನಂಬಬೇಡಿ.

ಉರುಸು ಸಂತೋಷದ್ದೋ, ದುಃಖದ್ದೋ?

ಸೂಫಿ ಸಂತರು ತೀರಿಕೊಂಡ ದಿನದ ಸ್ಮರಣೆಯೇ ಉರುಸು. ಆದರೆ ಈ ಅರಬ್ಬಿ ಪದದ ಅರ್ಥ ಮದುವೆ! ಸಂತರು ದೇವರನ್ನು ಕೂಡಿಕೊಂಡರು ಎಂಬ ಭಾವನೆಯಿಂದ ಆ ಹೆಸರು. ಗಂಧದ ಮೆರವಣಿಗೆ, ದೀಪ ಎಲ್ಲ ಇರುತ್ತದೆ. ಇದಕ್ಕೆ ಶುಭಾಶಯ ಹೇಳಿದರೆ ಯಾರಿಗೂ ಬೇಸರವಾಗದು.

ಮೊಹರಂ ವಿಷಯ ಬೇರೆ. ಅದು ಹಿಜರಿ ವರ್ಷದ ಮೊದಲ ತಿಂಗಳು. ಆದ್ದರಿಂದಲೇ 'ಹೊಸ ವರ್ಷದ ಶುಭಾಶಯ' ಎಂಬ ಪೋಸ್ಟರ್ ಓಡಾಡುತ್ತದೆ. ಹೊಸ ವರ್ಷ ಮೊದಲನೇ ದಿನ. ರಜೆ ಇರುವುದು ಹತ್ತನೇ ದಿನ. ಕ್ರಿ.ಶ. 680ರಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನ್ ಕರ್ಬಲಾದಲ್ಲಿ ಹತರಾದ ದಿನವದು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಅಲಾಯಿ ದೇವರಿಗೆ ನಡೆದುಕೊಳ್ಳುತ್ತಾರೆ, ಹೆಜ್ಜೆ ಹಾಕುತ್ತಾರೆ, 'ಮೊಹರಂ ಹಬ್ಬ' ಎಂದೇ ಕರೆಯುತ್ತಾರೆ. ಆ ಮಾತಿನಲ್ಲಿ ನಮಗೆ ತಪ್ಪು ಕಾಣುವುದಿಲ್ಲ. ಆದರೆ 'ಹ್ಯಾಪಿ ಮೊಹರಂ' ಎಂದು ಕಳಿಸುವುದು ಶೋಕದ ಮನೆಗೆ ಅಭಿನಂದನೆ ಹೇಳಿದಂತೆ. ಯೇಸು ಶಿಲುಬೆಗೇರಿದ ಗುಡ್ ಫ್ರೈಡೇಗೂ ಇದೇ ಮಾತು. ಕನ್ನಡದಲ್ಲಿ 'ಶುಭ ಶುಕ್ರವಾರ' ಎನ್ನುತ್ತೇವೆ ನಿಜ, ಶುಭಾಶಯ ಹೇಳುವ ದಿನ ಮಾತ್ರ ಈಸ್ಟರ್ ಭಾನುವಾರ.

ಹಾಗೆಯೇ ಜಯಂತಿ ಎಂದರೆ ಹುಟ್ಟಿದ ದಿನ, ಪುಣ್ಯಸ್ಮರಣೆ ಎಂದರೆ ಅಗಲಿದ ದಿನ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ ಎಂದು ಅಲ್ಲಿನ ಫೋಟೊ ಹಾಕಿ ಬಸವ ಜಯಂತಿಯನ್ನು 'ಐಕ್ಯ ದಿನ' ಎಂದು ಬರೆದರೆ ತಪ್ಪಾಗುತ್ತದೆ.

ಹಳೇ ತಾರೀಖಿನ ಪೋಸ್ಟರ್

ಬನದ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ, 2025ರಲ್ಲಿ ಜನವರಿ 13ಕ್ಕೆ, 2026ರಲ್ಲಿ ಜನವರಿ 3ಕ್ಕೆ ಬಂತು. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಅದಕ್ಕೇ ಹಿಂದೆ ಸರಿಯುತ್ತದೆ. ಅಧಿಕ ಮಾಸ ಸೇರಿದಾಗ ಮತ್ತೆ ಮುಂದಕ್ಕೆ ಬರುತ್ತದೆ. ಹಿಜರಿಯಲ್ಲಿ ಅಧಿಕ ಮಾಸವಿಲ್ಲ, ಹಾಗಾಗಿ ಮೊಹರಂ ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲ ಸುತ್ತುತ್ತದೆ. ಪೋಸ್ಟರ್‌ನಲ್ಲಿ ಇಸವಿ ಇಲ್ಲದಿದ್ದರೆ, ಚೊಳಚಗುಡ್ಡಕ್ಕೆ ಬಸ್ಸು ಹತ್ತುವ ಮುನ್ನ ಆ ವರ್ಷದ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಯಾವತ್ತು ಎಂದು ನೋಡಿಕೊಳ್ಳಿ.